ಅಪಘಾತ ಆದಮೇಲೆ ಮನಸ್ಸಿಗೂ ಚಿಕಿತ್ಸೆ ಬೇಕು: ಮೇವಿನ ಮಶಿನ್ ನನಗೆ ಕಲಿಸಿದ ಪಾಠ



ಇಲ್ಲಿ ಪ್ರತಿ ವಾರ ಬೀಜ, ಗೊಬ್ಬರ, ರೋಗ, ದರ ಇವುಗಳ ಮಾತೇ ಇರ್ತದೆ. ಈ ವಾರ ನಾನು ಬೇರೆ ವಿಷಯ ಬರೀತಿದ್ದೀನಿ. ಹೊಲದಲ್ಲಿ, ಕೊಟ್ಟಿಗೆಯಲ್ಲಿ ಅಪಘಾತ ಆದಾಗ ಮೈಗೆ ಆದ ಗಾಯಕ್ಕೆ ನಾವು ಆಸ್ಪತ್ರೆಗೆ ಓಡ್ತೀವಿ. ಅದೇ ಹೊತ್ತಿಗೆ ಮನಸ್ಸಿಗೂ ಗಾಯ ಆಗಿರ್ತದೆ. ಅದನ್ನ ಯಾರೂ ನೋಡೋದಿಲ್ಲ. ಅಷ್ಟೇ ಅಲ್ಲ, ಗಾಯ ಆಗಿದ್ದು ಒಬ್ಬರಿಗೆ ಅಂತ ನಾವು ಲೆಕ್ಕ ಹಾಕ್ತೀವಿ. ಪಕ್ಕದಲ್ಲಿ ನಿಂತು ನೋಡಿದವನ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇರೋದಿಲ್ಲ.

ನಾನು ಹಾಗೆ ಪಕ್ಕದಲ್ಲಿ ನಿಂತಿದ್ದವನು. ಅದಕ್ಕೇ ಬರೀತಿದ್ದೀನಿ.

ಆ ಸಂಜೆ ಏನಾಯ್ತು

ನಮ್ಮದು ಹಾವೇರಿ ಜಿಲ್ಲೆಯ ಒಂದು ಸಣ್ಣ ಊರು. ಗೋವಿನಜೋಳ, ಸ್ವಲ್ಪ ಹತ್ತಿ, ಜೊತೆಗೆ ನಾಲ್ಕು ಆಕಳು. ಮೇವು ಕತ್ತರಿಸೋಕೆ 2 ಎಚ್‌ಪಿ ಮೋಟರಿನ ಮಶಿನ್ ಇತ್ತು. ಸಂಜೆ ಹಾಲು ಹಿಂಡೋ ಮುಂಚೆ ನಾನು ಮತ್ತು ನಮ್ಮ ಕಾಕಾನ ಮಗ ಸೇರಿ ನೇಪಿಯರ್ ಹುಲ್ಲು ಕತ್ತರಿಸ್ತಿದ್ವಿ. ಅವನು ನನಗಿಂತ ನಾಲ್ಕು ವರ್ಷ ದೊಡ್ಡವ, ಅಣ್ಣ ಅಂತಲೇ ಕರೆಯೋದು.

ಕೆಲಸದ ನಡುವೆ ಕರೆಂಟ್ ಹೋಯ್ತು. ಮಶಿನ್ ನಿಂತಿತು. ಹಸಿ ದಂಟು ಬಾಯಿಯಲ್ಲಿ ಸಿಕ್ಕಿಕೊಂಡಿತ್ತು. ನಾನು ಕತ್ತರಿಸಿದ ಮೇವನ್ನು ಬುಟ್ಟಿಗೆ ತುಂಬಿಕೊಂಡು ಆಕಳ ಕಡೆ ಹೋದೆ. ಸ್ವಿಚ್ ಆಫ್ ಮಾಡಲಿಲ್ಲ. ಕರೆಂಟೇ ಇಲ್ಲವಲ್ಲ, ಸ್ವಿಚ್ ನೆನಪಾಗೋದು ಹೇಗೆ? ಅಣ್ಣ ಸಿಕ್ಕಿಕೊಂಡ ದಂಟು ಎಳೆಯೋಕೆ ಕೈ ಹಾಕಿದ. ಅಷ್ಟರಲ್ಲಿ ಕರೆಂಟ್ ಬಂತು.

ಬಲಗೈಯ ಎರಡು ಬೆರಳು ಪೂರ್ತಿ ಹೋದವು, ಮೂರನೆಯದು ಅರ್ಧ.

ಇನ್ನೊಂದು ಮಾತು ಹೇಳ್ಬೇಕು. ಇದನ್ನ ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಅಣ್ಣ ಕೂಗಿದಾಗ ನಾನು ಸ್ವಿಚ್ಚಿಗೆ ಹತ್ತಿರ ಇದ್ದೆ, ಆರೇಳು ಹೆಜ್ಜೆ ಅಷ್ಟೇ. ಆದರೆ ನನ್ನ ಕಾಲು ಏಳಲಿಲ್ಲ. ಬುಟ್ಟಿ ಹಿಡಿದುಕೊಂಡು ನಿಂತೇ ಇದ್ದೆ. ಒಳಗಿನಿಂದ ಓಡಿ ಬಂದು ಸ್ವಿಚ್ ಆಫ್ ಮಾಡಿದವರು ಕಾಕು.

ಅಣ್ಣನ ಗಾಯ ಎರಡು ತಿಂಗಳಲ್ಲಿ ಮಾಯ್ತು. ನನಗೆ ಆಗಿದ್ದು ಮಾತ್ರ ಆಮೇಲೆ ಶುರುವಾಯ್ತು.

ನಮ್ಮೂರಲ್ಲಿ ಕರೆಂಟ್ ಬಂದರೆ ನಿಮಗೂ ಗೊತ್ತು, ಒಮ್ಮೆಲೇ ಟಿವಿ ಹಾಡ್ತದೆ, ಗಿರಣಿ ಗುರ್ ಅಂತದೆ, ಓಣಿಯ ಹುಡುಗರು ‘ಕರೆಂಟ್ ಬಂತೋ’ ಅಂತ ಕೂಗ್ತಾರೆ. ಎಲ್ಲರಿಗೂ ಖುಷಿಯ ಹೊತ್ತು. ನನಗೆ ಎದೆ ಡವಡವ ಹೊಡ್ಕೋತಿತ್ತು. ಅಂಗೈ ಬೆವರ್ತಿತ್ತು. ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗಿ ಬರ್ತದೋ ಅಷ್ಟು ಸಲ ನಾನು ಅದೇ ಕೊಟ್ಟಿಗೆಯಲ್ಲಿ ಬುಟ್ಟಿ ಹಿಡಿದು ನಿಂತಿರ್ತಿದ್ದೆ. ರಾತ್ರಿ ಮಲಗೋ ಮುಂಚೆ ಮನೆಯ ಎಲ್ಲ ಸ್ವಿಚ್ ನೋಡ್ತಿದ್ದೆ. ಒಮ್ಮೆ ಅಲ್ಲ, ಐದಾರು ಸಲ.

ಮಶಿನ್ ಹತ್ತಿರ ಹೋಗೋದು ಬಿಟ್ಟೆ. ಕುಡುಗೋಲಿನಲ್ಲೇ ಮೇವು ಕತ್ತರಿಸೋಕೆ ಶುರು ಮಾಡಿದೆ. ನಾಲ್ಕು ಆಕಳಿಗೆ ಅದು ಎಲ್ಲಿಗೆ ಸಾಲಬೇಕು? ದಂಟು ಅರ್ಧಕ್ಕರ್ಧ ಹಾಳಾಗ್ತಿತ್ತು, ಹಾಲು ಇಳೀತು. ಕೊನೆಗೆ ಎರಡು ಆಕಳು ಮಾರಿದೆ. ಕೇಳಿದವರಿಗೆ ‘ಹಿಂಡಿ ರೇಟ್ ಜಾಸ್ತಿ ಆಯ್ತು, ಗಿಟ್ಟೋದಿಲ್ಲ’ ಅಂದೆ. ಅಣ್ಣನ ಮನೆ ಕಡೆ ಹೋಗೋದನ್ನೂ ಕಮ್ಮಿ ಮಾಡಿದೆ. ಅವನ ಕೈ ನೋಡೋಕೆ ಆಗ್ತಿರಲಿಲ್ಲ.

ಯಾರೂ ನನ್ನನ್ನ ಏನಾಯ್ತು ಅಂತ ಕೇಳಲಿಲ್ಲ. ಕೇಳೋದಾದರೂ ಯಾಕೆ? ನನ್ನ ಹತ್ತು ಬೆರಳೂ ಸರಿಯಾಗಿದ್ದವು.

ಬೆದರಿದ ಎತ್ತು ಮತ್ತು ಬೆದರಿದ ಮನುಷ್ಯ

ಎತ್ತು ಸಾಕಿದವರಿಗೆ ಇದು ಗೊತ್ತಿರ್ತದೆ. ಹಳ್ಳದ ದಂಡೆಯಲ್ಲಿ ಒಮ್ಮೆ ಜಾರಿ ಬಿದ್ದ ಎತ್ತು ಮುಂದೆ ಆ ಜಾಗ ಬಂದಾಗೆಲ್ಲ ಕಾಲು ಊರಿ ನಿಲ್ತದೆ. ಬೇಸಿಗೆ ಬಂದು ಹಳ್ಳ ಒಣಗಿದ್ದರೂ ನಿಲ್ತದೆ. ಅದಕ್ಕೆ ‘ಹೇಡಿ’ ಅಂತ ಯಾವ ಒಕ್ಕಲಿಗನೂ ಬಯ್ಯೋದಿಲ್ಲ. ‘ಬೆದರೈತಿ’ ಅಂತಾನೆ. ಹೊಡೆದರೆ ಇನ್ನೂ ಬೆದರ್ತದೆ ಅಂತ ಅವನಿಗೆ ಗೊತ್ತು. ಜೊತೆಗೆ ಇನ್ನೊಂದು ಎತ್ತು ಕಟ್ಟಿ, ಕೊರಳು ಸವರಿ, ದಿನಾ ನಾಲ್ಕು ಹೆಜ್ಜೆ ಮುಂದೆ ಒಯ್ದು ರೂಢಿ ಮಾಡಿಸ್ತಾನೆ.

ಮನುಷ್ಯನ ಮಿದುಳೂ ಈ ವಿಷಯದಲ್ಲಿ ಹೆಚ್ಚು ಬೇರೆ ಇಲ್ಲ. ಅಪಾಯ ಎದುರಾದಾಗ ಮಿದುಳಿನ ಒಳಗಿರೋ ಅಮಿಗ್ಡಲಾ ಅನ್ನೋ ಬಾದಾಮಿ ಆಕಾರದ ಭಾಗ ಗಂಟೆ ಬಾರಿಸ್ತದೆ. ಮೈಯಲ್ಲಿ ಅಡ್ರಿನಲಿನ್ ಹರೀತದೆ. ಎದೆ ಬಡಿತ ಏರ್ತದೆ, ಉಸಿರು ಜೋರಾಗ್ತದೆ, ರಕ್ತ ಕೈಕಾಲಿನ ಸ್ನಾಯುಗಳಿಗೆ ನುಗ್ತದೆ. ಕೆಲವರು ಹೋರಾಡ್ತಾರೆ, ಕೆಲವರು ಓಡ್ತಾರೆ, ಕೆಲವರು ಕಲ್ಲಾಗಿ ನಿಲ್ತಾರೆ. ಮೂರೂ ನಾವು ಯೋಚನೆ ಮಾಡಿ ಆರಿಸೋದಲ್ಲ. ಯೋಚನೆ ಮಾಡೋ ಭಾಗ ಎಚ್ಚರ ಆಗೋ ಮುಂಚೆಯೇ ಮೈ ತೀರ್ಮಾನ ಮಾಡಿರ್ತದೆ. ನನ್ನ ಕಾಲು ಏಳದೇ ಇದ್ದದ್ದು ಅದಕ್ಕೆ.

ಇನ್ನೊಂದು ಸಂಗತಿ. ಸಾಮಾನ್ಯ ನೆನಪಿಗೆ ‘ಇದು ಇಂಥ ದಿನ, ಇಂಥ ಜಾಗದಲ್ಲಿ ಆಗಿಹೋದದ್ದು’ ಅನ್ನೋ ಮುದ್ರೆ ಬೀಳ್ತದೆ. ಭಾರಿ ಆಘಾತದ ಹೊತ್ತಲ್ಲಿ ಆ ಮುದ್ರೆ ಸರಿಯಾಗಿ ಬೀಳದೇ ಹೋಗಬಹುದು. ಆಗ ಆ ನೆನಪು ಹಳೇದು ಅಂತ ಅನ್ನಿಸೋದೇ ಇಲ್ಲ. ಒಂದು ಸದ್ದು, ಒಂದು ವಾಸನೆ, ಹಸಿ ದಂಟಿನ ಘಮ ಸಾಕು, ಎಲ್ಲಾ ಈಗಲೇ ಆಗ್ತಿದೆ ಅಂತ ಮೈ ನಂಬಿಬಿಡ್ತದೆ.

ಇದಕ್ಕೆ ವೈದ್ಯರು ಪಿಟಿಎಸ್‌ಡಿ ಅಂತಾರೆ, ಕನ್ನಡದಲ್ಲಿ ಆಘಾತದ ನಂತರದ ಒತ್ತಡದ ಕಾಯಿಲೆ. ಮೊದಲನೇ ಮಹಾಯುದ್ಧದ ಕಂದಕಗಳಿಂದ ವಾಪಸ್ ಬಂದ ಸೈನಿಕರು ನಡುಗ್ತಿದ್ದಾಗ, ಮಾತು ನಿಂತಾಗ, ಮೊದಮೊದಲು ಅವರನ್ನೂ ಅಂಜುಬುರುಕರು ಅಂತಲೇ ಹಲವರು ಜರೆದರು. ವಿಯೆಟ್ನಾಂ ಯುದ್ಧ ಮುಗಿದ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಇದಕ್ಕೆ ಈ ಹೆಸರು ಕೊಟ್ಟು ಸೇರಿಸಿತು. ಇವತ್ತು ಇದು ಬರೀ ಸೈನಿಕರ ಕಾಯಿಲೆ ಅಲ್ಲ ಅಂತ ಎಲ್ಲ ಮನೋವೈದ್ಯರಿಗೂ ಗೊತ್ತು. ಟ್ರ್ಯಾಕ್ಟರ್ ಮಗುಚಿದಾಗ ಅಡಿ ಸಿಕ್ಕಿದವನಿಗೆ, ಹಾವು ಕಚ್ಚಿ ಬದುಕಿದವಳಿಗೆ, ಕರೆಂಟ್ ಹೊಡೆದು ತಮ್ಮ ಬಿದ್ದದ್ದು ಕಂಡವನಿಗೆ, ನೆರೆಯಲ್ಲಿ ಮನೆ ಹೋದದ್ದು ನೋಡಿದವರಿಗೆ ಇದು ಬರಬಹುದು. ಕಣ್ಣಾರೆ ಕಂಡವರಿಗೂ ಬರ್ತದೆ ಅನ್ನೋದು ಆ ಕಾಯಿಲೆಯ ವ್ಯಾಖ್ಯೆಯಲ್ಲೇ ಇದೆ.

ಮೈಗಾಯ, ಮನಸ್ಸಿನ ಗಾಯ ಬೇರೆ ಬೇರೆ ಅಲ್ಲ

ಅಣ್ಣನಿಗೆ ಗಾಯ ಮಾಯ್ದ ಮೇಲೂ ಇಲ್ಲದ ಬೆರಳು ನೋಯ್ತಿತ್ತು, ಕೆರೀತಿತ್ತು. ಮನೆಯಲ್ಲಿ ಹೇಳಿದರೆ ನಗ್ತಾರೆ ಅಂತ ಸುಮ್ಮನಿದ್ದ. ಇದೇನು ಭ್ರಮೆ ಅಲ್ಲ. ಬೆರಳು ಹೋದರೂ ಮಿದುಳಿನಲ್ಲಿ ಆ ಬೆರಳಿನ ಜಾಗ ಹಾಗೇ ಇರ್ತದೆ, ಅದು ಸುದ್ದಿ ಕೇಳ್ತಾನೇ ಇರ್ತದೆ. ಭಾರತ ಮೂಲದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಇಂಥ ನೋವಿಗೆ ಒಂದು ಸರಳ ಕನ್ನಡಿಯ ಉಪಾಯ ಮಾಡಿದರು. ಸರಿ ಇರೋ ಕೈಯನ್ನು ಕನ್ನಡಿ ಮುಂದೆ ಆಡಿಸಿದರೆ, ಹೋದ ಕೈಯೇ ಆಡ್ತಿದೆ ಅಂತ ಮಿದುಳಿಗೆ ಕಾಣ್ತದೆ, ಕೆಲವರಿಗೆ ನೋವು ಇಳೀತದೆ. ಈಗಲೂ ಫಿಸಿಯೋಥೆರಪಿಯಲ್ಲಿ ಇದನ್ನ ಮಾಡಿಸ್ತಾರೆ.

ನೋವು ಬಂದಾಗೆಲ್ಲ ಆ ಸಂಜೆ ನೆನಪಾಗ್ತದೆ. ಆ ಸಂಜೆ ನೆನಪಾದಾಗೆಲ್ಲ ಮೈ ಬಿಗಿದು ನೋವು ಹೆಚ್ಚಾಗ್ತದೆ. ನಿದ್ದೆ ಕೆಟ್ಟರೆ ಗಾಯ ಮಾಯೋದೂ ತಡ. ಹೀಗೆ ಒಂದು ಇನ್ನೊಂದನ್ನ ಎಳೀತದೆ. ಕೈಗೆ ಒಂದು ಆಸ್ಪತ್ರೆ, ಮನಸ್ಸಿಗೆ ‘ಧೈರ್ಯ ತಗೋ’ ಅನ್ನೋ ಒಂದು ಮಾತು, ಈ ಲೆಕ್ಕ ತಪ್ಪು ಅನ್ನೋದು ನನ್ನ ವಾದ.

ಗುರುತಿಸೋದು ಹೇಗೆ

ಅಪಘಾತ ಆದ ಮೊದಲ ಕೆಲವು ವಾರ ನಿದ್ದೆ ಕೆಡೋದು, ಬೆಚ್ಚಿ ಬೀಳೋದು, ಅಳು ಬರೋದು ಸಹಜ. ಹೆಚ್ಚಿನವರಲ್ಲಿ ಅದು ತಾನಾಗಿಯೇ ಇಳೀತದೆ. ಒಂದು ತಿಂಗಳು ದಾಟಿದರೂ ಇಳಿಯದೇ ಕೆಳಗಿನ ಲಕ್ಷಣ ಇದ್ದರೆ, ಕೆಲಸಕ್ಕೆ, ಸಂಸಾರಕ್ಕೆ ತೊಂದರೆ ಆಗ್ತಿದ್ದರೆ ವೈದ್ಯರನ್ನ ಕಾಣಬೇಕು.

1. ಬೇಡ ಅಂದರೂ ಆ ಘಟನೆ ಕಣ್ಣ ಮುಂದೆ ಬರೋದು. ಕೆಟ್ಟ ಕನಸು. ಆ ಸದ್ದು, ಆ ವಾಸನೆ ಬಂದರೆ ಎದೆ ಹೊಡ್ಕೊಳ್ಳೋದು.

2. ಆ ಜಾಗ, ಆ ಯಂತ್ರ, ಆ ಮನುಷ್ಯ, ಆ ಮಾತು ತಪ್ಪಿಸಿಕೊಂಡು ತಿರುಗೋದು.

3. ‘ನನ್ನಿಂದಲೇ ಆಯ್ತು’, ‘ನಾನು ಕೆಲಸಕ್ಕೆ ಬಾರದವ’ ಅನ್ನೋ ಯೋಚನೆ ಬಿಡದೇ ಕಾಡೋದು. ಮೊದಲು ಖುಷಿ ಕೊಡ್ತಿದ್ದ ಜಾತ್ರೆ, ಕ್ರಿಕೆಟ್, ಗೆಳೆಯರು ಯಾವುದೂ ಬೇಡ ಅನ್ನಿಸೋದು.

4. ಸದಾ ಕಾವಲು ಕಾಯೋ ಹಾಗೆ ಇರೋದು. ಸಣ್ಣ ಸದ್ದಿಗೆ ಬೆಚ್ಚೋದು, ಸಣ್ಣ ಮಾತಿಗೆ ಸಿಟ್ಟು, ನಿದ್ದೆ ಇಲ್ಲ, ಕೆಲಸದಲ್ಲಿ ಗಮನ ಇಲ್ಲ.

ನಾಲ್ಕನೆಯದನ್ನ ಒಕ್ಕಲುತನ ಮಾಡೋರು ಹಗುರವಾಗಿ ತಗೋಬಾರದು. ನಿದ್ದೆ ಇಲ್ಲದವನು, ಗಮನ ಇಲ್ಲದವನು ಮತ್ತೆ ಟ್ರ್ಯಾಕ್ಟರ್ ಹತ್ತಿದರೆ, ಔಷಧಿ ಹೊಡೆಯೋಕೆ ಹೋದರೆ ಎರಡನೇ ಅಪಘಾತಕ್ಕೆ ಅಲ್ಲೇ ದಾರಿ ಆಯ್ತು.

ನನ್ನ ಕಣ್ಣು ತೆರೆಸಿದ್ದು ನಾಲ್ಕನೆಯದೇ. ಹತ್ತು ತಿಂಗಳ ಮೇಲೆ ಅಕ್ಕ ಊರಿಗೆ ಬಂದಿದ್ದಳು. ಅವಳ ಐದು ವರ್ಷದ ಮಗ ಸ್ವಿಚ್ ಒತ್ತಿ ಲೈಟು ಹಾಕೋದು, ತೆಗೆಯೋದು ಆಡ್ತಿದ್ದ. ನಾನು ಎದ್ದು ಹೋಗಿ ಅವನ ಕೆನ್ನೆಗೆ ಹೊಡೆದೆ. ಜೋರಾಗಿಯೇ ಹೊಡೆದೆ. ಹುಡುಗ ಅಳೋದನ್ನೂ ಮರೆತು ನನ್ನ ಮುಖ ನೋಡಿದ. ಅಕ್ಕ ಒಂದು ಮಾತೂ ಆಡದೇ ಮಗನನ್ನ ಎತ್ತಿಕೊಂಡು ಒಳಗೆ ಹೋದಳು. ಅವ್ವ ಹೊರಗೆ ಬಂದು, “ಏನಾಗೇತೋ ತಮ್ಮಾ ನಿನಗ? ನೀ ಹಿಂಗ ಇರಲಿಲ್ಲಲ್ಲೋ,” ಅಂದಳು.

ಅವ್ವ ಅದಕ್ಕೂ ಮುಂಚೆ ತಾಯಿತ ಕಟ್ಟಿಸಿದ್ದಳು, ದೇವರಿಗೆ ಹರಕೆ ಹೊತ್ತಿದ್ದಳು. ಅದರ ಬಗ್ಗೆ ನನಗೆ ಸಿಟ್ಟಿಲ್ಲ. ಮಗನಿಗೆ ಏನೋ ಆಗಿದೆ ಅಂತ ಮೊದಲು ಕಂಡವಳು ಅವಳೇ. ಅವಳಿಗೆ ಗೊತ್ತಿದ್ದ ದಾರಿ ಅದು. ಆಸ್ಪತ್ರೆಯ ದಾರಿ ತೋರಿಸಿದ್ದು ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಅವರು ಫೋನಿನಲ್ಲಿ ಒಂದು ನಂಬರ್ ಕೊಟ್ಟರು: 14416.

ಚಿಕಿತ್ಸೆ ಅಂದರೆ ಏನು ಮಾಡ್ತಾರೆ

14416 ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾನು ರಾತ್ರಿ ಹನ್ನೊಂದಕ್ಕೆ ಹೊಲದ ಬದುವಿನ ಮೇಲೆ ಕೂತು ಫೋನ್ ಮಾಡಿದೆ. ಆ ಕಡೆಯವರು ಬಯ್ಯಲಿಲ್ಲ, ಉಪದೇಶ ಮಾಡಲಿಲ್ಲ. ಕೇಳಿಸಿಕೊಂಡರು. ಆಸ್ಪತ್ರೆಗೆ ಹೋಗಿ ತೋರಿಸೋದು ಒಳ್ಳೇದು ಅಂದರು.

ಹಳ್ಳಿಯವರಿಗೂ ಮನಸ್ಸಿನ ಚಿಕಿತ್ಸೆ ಹತ್ತಿರದಲ್ಲಿ ಸಿಗಬೇಕು ಅನ್ನೋ ವಿಚಾರಕ್ಕೆ ನಮ್ಮ ರಾಜ್ಯವೇ ದಾರಿ ಹಾಕಿದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನ ಮಾಡಿ ತೋರಿಸಿತು. ಅದೇ ಮಾದರಿ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನ ಕಾಣಬಹುದು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಅವರು ಯಾವ ದಿನ ಬರ್ತಾರೆ ಅಂತ ಆಶಾ ಕಾರ್ಯಕರ್ತೆಯರನ್ನ ಕೇಳಿ. ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಕೂಡ ಇದೆ.

ನನಗೆ ಮೊದಲು ಇದ್ದ ಭಯ ‘ಶಾಕ್ ಕೊಡ್ತಾರೆ’, ‘ಹುಚ್ಚ ಅಂತ ಬರೀತಾರೆ’ ಅನ್ನೋದು. ಹಾಗೇನೂ ಆಗಲಿಲ್ಲ. ಒಂದು ಮಾತ್ರೆ ಕೊಟ್ಟರು, ಅದು ಕೆಲಸ ತೋರಿಸೋಕೆ ಕೆಲವು ವಾರ ಬೇಕು, ನಡುವೆ ಬಿಡಬೇಡಿ ಅಂದರು. ವಾರಕ್ಕೊಮ್ಮೆ ಆಪ್ತ ಸಮಾಲೋಚಕರ ಹತ್ತಿರ ಕೂತು ಮಾತು. ಆ ಸಂಜೆಯ ಕತೆಯನ್ನು ಆತುರ ಇಲ್ಲದೇ, ನನಗೆ ತಡೆಯೋಕೆ ಆಗುವಷ್ಟೇ, ಮತ್ತೆ ಮತ್ತೆ ಹೇಳಿಸಿದರು. ಮೊದಲ ಸಲ ಹೇಳೋಕೆ ಆಗಲೇ ಇಲ್ಲ. ನಾಲ್ಕನೇ ವಾರ ಪೂರ್ತಿ ಹೇಳಿದೆ. ಹೇಳ್ತಾ ಹೇಳ್ತಾ ಅದು ‘ಈಗ ಆಗ್ತಿರೋದು’ ಅಲ್ಲ, ‘ಅವತ್ತು ಆದದ್ದು’ ಆಗ್ತಾ ಬಂತು.

ಒಂದು ದಿನ ಅವರು ಕೇಳಿದರು: “ಕರೆಂಟ್ ಯಾವ ನಿಮಿಷಕ್ಕೆ ಬರ್ತದೆ ಅಂತ ನಿಮಗೆ ಗೊತ್ತಿತ್ತಾ?”

ಇಲ್ಲ ಅಂದೆ.

“ಅಣ್ಣ ಕೈ ಹಾಕ್ತಾರೆ ಅಂತ?”

ಅದೂ ಇಲ್ಲ.

“ಹಾಗಾದರೆ ಇವತ್ತು ಗೊತ್ತಿರೋದನ್ನ ಇಟ್ಟುಕೊಂಡು ಅವತ್ತಿನ ನಿಮ್ಮನ್ನ ಯಾಕೆ ಅಳೀತೀರಿ?”

ಸ್ವಿಚ್ ಆಫ್ ಮಾಡದೇ ಇದ್ದದ್ದು ತಪ್ಪು. ಅದನ್ನ ಅವರೂ ಅಲ್ಲಗಳೆಯಲಿಲ್ಲ, ನಾನೂ ಅಲ್ಲಗಳೆಯೋದಿಲ್ಲ. ಆದರೆ ತಪ್ಪನ್ನ ತಿದ್ದಿಕೊಳ್ಳಬಹುದು. ಪಾಪ ಅಂತ ತಲೆ ಮೇಲೆ ಹೊತ್ತರೆ ಯಾವ ಕೆಲಸವೂ ಆಗೋದಿಲ್ಲ.

ಆಮೇಲೆ ಎತ್ತಿಗೆ ಮಾಡಿಸೋ ಹಾಗೆಯೇ ನನಗೂ ರೂಢಿ ಮಾಡಿಸಿದರು. ಒಂದು ವಾರ ಪ್ಲಗ್ ತೆಗೆದಿಟ್ಟ ಮಶಿನ್ ಪಕ್ಕ ಹತ್ತು ನಿಮಿಷ ಕೂತಿರೋದು. ಮುಂದಿನ ವಾರ ಅದನ್ನ ಒರೆಸಿ ಎಣ್ಣೆ ಹಾಕೋದು. ಆಮೇಲೆ ಯಾರಾದರೂ ನಡೆಸುವಾಗ ದೂರ ನಿಲ್ಲೋದು. ಕೊನೆಗೆ ನಾನೇ ನಡೆಸೋದು. ಮೂರೂವರೆ ತಿಂಗಳು ಹಿಡೀತು. ಇವತ್ತಿಗೂ ಕರೆಂಟ್ ಬಂದಾಗ ಒಂದು ಕ್ಷಣ ಎದೆ ಝಲ್ ಅಂತದೆ. ಆಮೇಲೆ ಇಳೀತದೆ. ಅಷ್ಟಾದರೆ ಕೆಲಸ ನಡೀತದೆ.

ಅಣ್ಣ ಏನಂದ

ಸಮಾಲೋಚಕರು ಹೇಳಿದ ಕೆಲಸಗಳಲ್ಲಿ ನನಗೆ ಬಹಳ ಕಷ್ಟ ಆದದ್ದು ಅಣ್ಣನ ಮುಂದೆ ಕೂತು ಮಾತಾಡೋದು. ಒಂದು ಮಧ್ಯಾಹ್ನ ಹೋದೆ. ಸ್ವಿಚ್ ಬಿಟ್ಟು ಹೋದವ ನಾನು, ಹತ್ತಿರ ಇದ್ದೂ ಓಡಿ ಬರದೇ ನಿಂತವನೂ ನಾನು ಅಂತ ಹೇಳಿದೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. “ಕೈ ಹಾಕಿದವ ನಾನು. ಸ್ವಿಚ್ ನೋಡದವನೂ ನಾನು. ನೀ ಒಬ್ಬನ ಯಾಕ ಹೊತ್ಕೊಂಡು ತಿರುಗ್ತಿ?” ಅಂದ. ಆಮೇಲೆ ತಲೆ ತಗ್ಗಿಸಿ, “ನಾ ಏನ್ ತಿಳ್ಕೊಂಡಿದ್ದೆ ಗೊತ್ತೇನು? ನನ್ನ ಕೈ ನೋಡಿ ನಿನಗ ಹೇಸಿಗಿ ಆಗತೈತಿ, ಅದಕ್ಕ ನೀ ಮನಿಗೆ ಬರೂದು ಬಿಟ್ಟಿ ಅಂತ,” ಅಂದ.

ಒಂದು ವರ್ಷ ಅವನು ಹಾಗೇ ತಿಳಿದುಕೊಂಡಿದ್ದ. ಮದುವೆ ಮನೆಗಳಲ್ಲಿ ಬಲಗೈಯನ್ನು ಟವೆಲ್ಲಿನೊಳಗೆ ಮುಚ್ಚಿಕೊಂಡು ಕೂರ್ತಿದ್ದ. ನಾನು ನನ್ನ ನೋವಿನಿಂದ ತಪ್ಪಿಸಿಕೊಂಡೆ ಅಂದ್ಕೊಂಡಿದ್ದೆ. ಅದು ಹೋಗಿ ಅವನ ಗಾಯದ ಮೇಲೆಯೇ ಬಿದ್ದಿತ್ತು.

ಈಗ ಮಾಡಬೇಕಾದದ್ದು

ಅಪಘಾತ ಆದ ಕ್ಷಣ: ಮೊದಲು ಮೇನ್ ಆಫ್. ಸ್ವಚ್ಛ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಕೈ ಎತ್ತರದಲ್ಲಿ ಇಡಿ. ಅರಿಶಿನ, ಕಾಫಿ ಪುಡಿ, ಸುಣ್ಣ ಏನೂ ಹಾಕ್ಬೇಡಿ. ಬೆರಳು ತುಂಡಾಗಿದ್ದರೆ ಅದನ್ನ ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಗಟ್ಟಿ ಕಟ್ಟಿ, ಆ ಕವರನ್ನು ಐಸ್ ಹಾಕಿದ ನೀರಿನ ಪಾತ್ರೆಯಲ್ಲಿ ಇಟ್ಟು ಒಯ್ಯಿರಿ. ಬೆರಳನ್ನು ನೇರ ಐಸಿನ ಮೇಲೆ ಇಡಬಾರದು. ನಾವು ಆ ತಪ್ಪು ಮಾಡಿದ್ದೆವು. 108ಕ್ಕೆ ಫೋನ್ ಮಾಡಿ. ಧನುರ್ವಾಯು ಇಂಜೆಕ್ಷನ್ ಮರೀಬೇಡಿ.

ಮೊದಲ ವಾರ: ಗಾಯಗೊಂಡವರನ್ನ, ನೋಡಿದವರನ್ನ ಒಂಟಿ ಬಿಡಬೇಡಿ. ಊಟ, ನಿದ್ದೆ, ದನಕರುವಿನ ಕೆಲಸಕ್ಕೆ ಯಾರಾದರೂ ನೆರವಾಗಲಿ. ‘ಏನಾಯ್ತು, ಹೇಗಾಯ್ತು, ರಕ್ತ ಎಷ್ಟು ಬಂತು’ ಅಂತ ಬಂದವರೆಲ್ಲ ಕೆದಕಬಾರದು. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ. ಅಪಘಾತದ ಫೋಟೋ, ವಿಡಿಯೋ ವಾಟ್ಸಾಪ್ ಗುಂಪಿಗೆ ಹಾಕ್ಲೇಬೇಡಿ. ಗಾಯಗೊಂಡವನ ಮಕ್ಕಳ ಫೋನಿಗೂ ಅದು ಹೋಗ್ತದೆ.

ಕುಡಿತ: ನಿದ್ದೆ ಬರಲಿ ಅಂತ ಶುರುವಾಗೋ ಒಂದು ಕ್ವಾರ್ಟರ್ ನಿದ್ದೆಯನ್ನೇ ಕೆಡಿಸ್ತದೆ, ಕಾಯಿಲೆಯನ್ನ ಬೆಳೆಸ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರೋ ನಿದ್ದೆ ಮಾತ್ರೆಯೂ ಬೇಡ.

ಬದುಕೇ ಬೇಡ ಅನ್ನೋ ಮಾತು ಯಾರ ಬಾಯಲ್ಲಾದರೂ ಬಂದರೆ ಅದನ್ನ ನಾಟಕ ಅನ್ಬೇಡಿ. ನೇರವಾಗಿ ಕೇಳಿ, ಒಬ್ಬರೇ ಬಿಡಬೇಡಿ, 14416ಕ್ಕೆ ಅಥವಾ ಆಸ್ಪತ್ರೆಗೆ ಕೂಡಲೇ ಮುಟ್ಟಿಸಿ. ಮನೆಯಲ್ಲಿರೋ ಕೀಟನಾಶಕವನ್ನ ಬೀಗ ಹಾಕಿ ಇಡಿ, ಇಲ್ಲವೇ ಬೇರೆ ಕಡೆ ಸಾಗಿಸಿ. ಆ ಒಂದು ಗಳಿಗೆ ದಾಟಿದರೆ ಎಷ್ಟೋ ಜೀವ ಉಳೀತಾವೆ.

ಮಶಿನ್: ಕರೆಂಟ್ ಹೋದ ಕೂಡಲೇ ಸ್ವಿಚ್ ಆಫ್, ಪ್ಲಗ್ ಹೊರಗೆ. ಸಿಕ್ಕಿಕೊಂಡ ಮೇವು ತೆಗೆಯೋಕೆ ಕೈ ಅಲ್ಲ, ಕಟ್ಟಿಗೆ. ಕರೆಂಟ್ ಹೋದಾಗ ತಾನೇ ಬಿದ್ದುಹೋಗಿ, ಮತ್ತೆ ಒತ್ತಿದರೆ ಮಾತ್ರ ಚಾಲೂ ಆಗೋ ಸ್ಟಾರ್ಟರ್ ಸಿಗ್ತದೆ, ಎಲೆಕ್ಟ್ರಿಶಿಯನ್‌ಗೆ ಹೇಳಿ ಹಾಕಿಸಿ. ಪಂಪ್‌ಸೆಟ್ಟಿಗೆ ಹಾಕೋ ಆಟೋ ಸ್ಟಾರ್ಟರನ್ನ ಮೇವಿನ ಮಶಿನ್ನಿಗೆ ಯಾವತ್ತೂ ಹಾಕ್ಬೇಡಿ. ನಮ್ಮನೆಯಲ್ಲಿ ಈಗ ಅಂಥ ಸ್ಟಾರ್ಟರ್ ಇದೆ.

ನನ್ನ ಬೇಡಿಕೆ

ಅಪಘಾತದ ಲೆಕ್ಕವನ್ನ ನಾವು ಬೆರಳಿನಲ್ಲೇ ಮಾಡ್ತೀವಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನೇ ತಗೊಳ್ಳಿ. ವರ್ಷಕ್ಕೆ 20 ರೂಪಾಯಿ, ಸತ್ತರೆ 2 ಲಕ್ಷ, ಒಂದು ಕೈ ಅಥವಾ ಒಂದು ಕಾಲು ಪೂರ್ತಿ ಕೆಲಸಕ್ಕೆ ಬಾರದಂತಾದರೆ 1 ಲಕ್ಷ. 18ರಿಂದ 70 ವರ್ಷದ ಎಲ್ಲರೂ ಮಾಡಿಸಲೇಬೇಕಾದ ವಿಮೆ ಅದು. ಆದರೆ ಅದರಲ್ಲಿ ಮನಸ್ಸಿನ ಗಾಯಕ್ಕೆ ಕಾಲಂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಮೈ ಕಾಯಿಲೆಗೆ ಹೇಗೋ ಹಾಗೆಯೇ ಮನಸ್ಸಿನ ಕಾಯಿಲೆಗೂ ಆರೋಗ್ಯ ವಿಮೆ ಇರಬೇಕು ಅಂತ ಹೇಳ್ತದೆ. ಕಾಗದದ ಮೇಲೆ ಬಂದದ್ದು ಹಳ್ಳಿಗೆ ಬರೋಕೆ ಎಷ್ಟು ದಿನ ಬೇಕು ಅಂತ ನಮಗೆಲ್ಲ ಗೊತ್ತು.

ಸರ್ಕಾರ ಮಾಡಲಿ, ಕೇಳೋಣ. ಆದರೆ ಒಂದು ಕೆಲಸಕ್ಕೆ ಸರ್ಕಾರ ಬೇಕಿಲ್ಲ. ಅಪಘಾತ ಆದ ದಿನ ಇಡೀ ಊರು ಮನೆ ಮುಂದೆ ಇರ್ತದೆ. ಬ್ರೆಡ್ಡು, ಹಣ್ಣು, ಎಳನೀರು ಬರ್ತಾವೆ. ಹದಿನೈದು ದಿನಕ್ಕೆ ಎಲ್ಲಾ ನಿಲ್ತದೆ. ನಿಜವಾಗಿ ಯಾರಾದರೂ ಬರಬೇಕಾದದ್ದು ಒಂದು ತಿಂಗಳು ಆದಮೇಲೆ. ಅದಕ್ಕೇ ನನ್ನ ಬೇಡಿಕೆ ಇಷ್ಟು: ಪ್ರತಿ ಊರಿನ ಡೇರಿಯಲ್ಲಿ, ಯುವಕ ಸಂಘದಲ್ಲಿ, ರೈತ ಉತ್ಪಾದಕರ ಕಂಪನಿಯಲ್ಲಿ ಒಂದು ರೂಢಿ ಹಾಕೋಣ. ಅಪಘಾತ ಆಗಿ ಮೂವತ್ತು ದಿನಕ್ಕೆ ಇಬ್ಬರು ಹೋಗಿ ಎರಡು ಮನೆಗೆ ಭೇಟಿ ಕೊಡೋಣ, ಒಂದು ಗಾಯಗೊಂಡವರ ಮನೆ, ಇನ್ನೊಂದು ಜೊತೆಗಿದ್ದವರ ಮನೆ. ಕೇಳಬೇಕಾದ್ದು ಮೂರೇ ಮಾತು. ನಿದ್ದೆ ಬರ್ತಿದೆಯಾ? ಆ ಜಾಗಕ್ಕೆ, ಆ ಕೆಲಸಕ್ಕೆ ಹೋಗ್ತಿದ್ದೀಯಾ? ಆಸ್ಪತ್ರೆಗೆ ಜೊತೆ ಬರಲಾ?

‘ಗಂಡಸಾಗಿ ಇಷ್ಟಕ್ಕೆ ಅಂಜ್ತೀಯಾ’ ಅನ್ನೋ ಮಾತು ಮಾತ್ರ ಬೇಡ. ಬೆದರಿದ ಎತ್ತಿಗೆ ತೋರಿಸೋ ತಾಳ್ಮೆಯನ್ನ ಮನುಷ್ಯನಿಗೂ ತೋರಿಸೋಣ.

ಇದನ್ನ ಓದ್ತಿರೋ ನಿಮಗೆ ಈಗಲೇ ಯಾವುದೋ ಒಂದು ಮುಖ ನೆನಪಾಗಿರಬಹುದು. ಟ್ರ್ಯಾಕ್ಟರ್ ಮಾರಿಬಿಟ್ಟ ಗೆಳೆಯ, ತೋಟದ ಕಡೆ ಹೋಗೋದು ಬಿಟ್ಟ ಮಾವ, ಊರಿನ ಜಾತ್ರೆಗೂ ಬಾರದೇ ಇರೋ ಹುಡುಗ. ಈ ಲೇಖನ ಗುಂಪಿಗೆ ಹಂಚಿದರೆ ಒಳ್ಳೇದು. ಅದಕ್ಕೂ ಮುಂಚೆ ಆ ಒಬ್ಬರಿಗೆ ಫೋನ್ ಮಾಡಿ. 14416 ನಂಬರನ್ನ ನಿಮ್ಮ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ನನ್ನ ಫೋನಿನಲ್ಲಿ ಅದು ಪಶು ವೈದ್ಯರ ನಂಬರಿನ ಕೆಳಗೇ ಇದೆ.

ಅಕ್ಕನ ಮಗ ಈ ಬೇಸಿಗೆ ರಜೆಗೆ ಮತ್ತೆ ಬಂದಿದ್ದ. ಅವನಿಗೆ ನಾನೇ ಮಶಿನ್ನಿನ ಸ್ವಿಚ್ ತೋರಿಸಿ, ಯಾವಾಗ ಆಫ್ ಮಾಡಬೇಕು ಅಂತ ಹೇಳಿಕೊಟ್ಟೆ. ಕರೆಂಟ್ ಹೋದಾಗೆಲ್ಲ ಅವನು ಓಡಿ ಬಂದು, “ಮಾಮಾ, ಆಫ್ ಮಾಡಿಯೇನು?” ಅಂತ ಕೇಳ್ತಿದ್ದ.

ಮಾಡೀನಿ ಅಂತಿದ್ದೆ.